ಮುದ್ದೆ ಊಟ ಬಿಟ್ಟ ಕಥೆ

ಊಟ ಬೇಡ ಅಂತ ಮುಖ ತಿರುಗಿಸುವವರೆಲ್ಲ ಎಲ್ಲೆಲ್ಲಿಂದಲೋ ಹುಡುಕಿಕೊಂಡು ಕೊನೆಗೆ ನನ್ನ ಹತ್ತಿರವೇ ಬರುತ್ತಾರೆ. ಇದು ನನ್ನ ಜಾತಕದಲ್ಲೇ ಇದೆಯೋ, ಇಲ್ಲಾ ನನ್ನ ಮುಖ ನೋಡಿದರೆ ಹಸಿವು ಓಡಿಹೋಗುತ್ತದೋ ಗೊತ್ತಿಲ್ಲ. ನಾನು ಭದ್ರಾವತಿಯಲ್ಲಿ ಅಂಗನವಾಡಿ ಟೀಚರ್. ತುಟಿ ಬಿಗಿ ಹಿಡಿದು ಕೂತ ಮಕ್ಕಳ ಬಾಯಿಗೆ ಅನ್ನ ಸಾರು ಸೇರಿಸುವುದರಲ್ಲೇ ಅರ್ಧ ಆಯಸ್ಸು ಕಳೆದಿದ್ದೇನೆ. ಉಪ್ಪಿಟ್ಟಿನಲ್ಲಿ ಕರಿಬೇವು ಕಂಡರೆ ಅಳುವವನು, ಪಕ್ಕದವಳ ತಟ್ಟೆಯಲ್ಲಿದ್ದರೆ ಮಾತ್ರ ತಿನ್ನುವವಳು, ಮೊಟ್ಟೆಯ ಬಿಳಿ ತಿಂದು ಹಳದಿಯನ್ನು ಚಡ್ಡಿ ಜೇಬಿಗೆ ಹಾಕಿಕೊಳ್ಳುವವನು, ಎಲ್ಲರನ್ನೂ ನೋಡಿದ್ದೇನೆ. ಒಬ್ಬರೂ ನನ್ನ ಮುಂದೆ ಕೊನೆಯವರೆಗೆ ನಿಂತಿಲ್ಲ. ಈ ವಿಷಯದಲ್ಲಿ ನನಗೆ ಒಳಗೊಳಗೇ ಜಂಬ ಇತ್ತು. ಆ ಜಂಬ ಇಳಿಸಿದ್ದು ಕೈಕಾಲಿಲ್ಲದ ಒಂದು ಪ್ರಾಣಿ.

೧. ಮದುವೆ ಊಟ

ನನ್ನ ತಮ್ಮನಿಗೆ ಶಿವಮೊಗ್ಗದ ನವುಲೆಯಲ್ಲಿ ಅಂಗಡಿ. ಗಾಜಿನ ತೊಟ್ಟಿಯ ಮೀನು, ಪಂಜರದ ಹಕ್ಕಿ, ಅವುಗಳ ಕಾಳುಕಡ್ಡಿ ಮಾರುತ್ತಾನೆ. ಅಂಗಡಿ ಮೇಲೇ ಮನೆ. ಮದುವೆಗೆ ಮುಂಚಿನಿಂದಲೂ ಒಂದು ಹೆಬ್ಬಾವು ಸಾಕಿದ್ದ. ನಮ್ಮ ಕಾಡಿನದಲ್ಲ, ಅದನ್ನು ಸಾಕಿದರೆ ಜೈಲು. ಇದು ಆಫ್ರಿಕಾ ಕಡೆಯ ಸಣ್ಣ ಜಾತಿ. ಸರ್ಕಾರಕ್ಕೆ ತಿಳಿಸಿ, ಎಲ್ಲಾ ಸರಿಯಾಗಿ ಮಾಡಿಕೊಂಡೇ ಸಾಕಿದ್ದ. ದಪ್ಪ ನನ್ನ ಮುಂಗೈಯಷ್ಟು. ವಿಷ ಇಲ್ಲ. ಹೆದರಿದರೆ ತಲೆಯನ್ನು ಒಳಗೆ ಹುದುಗಿಸಿಕೊಂಡು ಉಂಡೆಯಾಗಿ ಸುತ್ತಿಕೊಂಡುಬಿಡುತ್ತದೆ. ಥೇಟ್ ರಾಗಿಮುದ್ದೆ. ಅದಕ್ಕೇ ಅದರ ಹೆಸರು ಮುದ್ದೆ.

ಒಂದು ಭಾನುವಾರ ಬೆಳಿಗ್ಗೆ ತಮ್ಮ ಆ ಮುದ್ದೆಯನ್ನು ಗಾಜಿನ ಪೆಟ್ಟಿಗೆ ಸಮೇತ ತಂದು ನಮ್ಮ ಹಾಲ್‌ನಲ್ಲಿ ಇಳಿಸಿದ.

"ಅಕ್ಕ, ಅದಿರೋ ಮನೇಲಿ ನಾನಿರಲ್ಲ ಅಂತ ನನ್ನ ಹೆಂಡ್ತಿ ಹಟ ಹಿಡಿದಿದ್ದಾಳೆ. ಅವಳು ಸಮಾಧಾನ ಆಗೋವರೆಗೆ ಇಟ್ಕೋ."

ನಮ್ಮನೆಯವರು ಕಾರ್ಖಾನೆಯಲ್ಲಿ ಕುಲುಮೆ ಮುಂದೆ ದುಡಿದು ರಿಟೈರ್ ಆದವರು. ಕಾದ ಕಬ್ಬಿಣಕ್ಕೆ ಹೆದರದ ಮನುಷ್ಯ ಸೋಫಾದ ಮೇಲೆ ಎರಡೂ ಕಾಲೆತ್ತಿಕೊಂಡು ಕೂತರು.

ತಮ್ಮ ಎಲ್ಲಾ ವಿವರಿಸಿದ. ವಾರಕ್ಕೋ ಹತ್ತು ದಿನಕ್ಕೋ ಒಂದು ಇಲಿ. ಇಲಿ ಹಿಡಿಯುವ ಕೆಲಸವೂ ಇಲ್ಲ, ಸತ್ತದ್ದು, ಫ್ರೀಜರ್‌ನಲ್ಲಿಟ್ಟದ್ದು, ಅವನೇ ತಂದುಕೊಡುತ್ತಾನೆ. ಬಿಸಿನೀರಿನಲ್ಲಿಟ್ಟು ಕರಗಿಸಿ ಇಕ್ಕಳದಲ್ಲಿ ಹಿಡಿದು ತೋರಿಸಿದರೆ ಮುಗಿಯಿತು.

"ಇಷ್ಟೇನಾ?" ಅಂದೆ. ದಿನಾ ಮೂರು ಹೊತ್ತು ಬೇಯಿಸುವವಳಿಗೆ ವಾರಕ್ಕೊಂದು ಊಟ ಒಂದು ಲೆಕ್ಕವೇ?

"ಇಷ್ಟೇ. ಇನ್ನೊಂದೇ ವಿಷಯ," ಅಂತ ತಮ್ಮ ಬಾಗಿಲ ಕಡೆ ಜರುಗುತ್ತಾ ಹೇಳಿದ. "ಅದು ಈಗ ಊಟ ಬಿಟ್ಟಿದೆ."

"ಯಾವಾಗಿಂದ?"

"ನನ್ನ ಮದುವೆ ಆದಾಗಿಂದ."

ಸೋಫಾದ ಮೇಲಿಂದ ನಮ್ಮನೆಯವರು ಅಂದರು, "ಆ ಊಟ ನಮಗೂ ಸೇರಿರ್ಲಿಲ್ಲ ಮಾರಾಯ. ಆದ್ರೆ ನಾವು ಮಾರನೇ ದಿನಕ್ಕೆ ಸರಿಹೋದ್ವಿ."

೨. ಬಟರ್‌ಸ್ಕಾಚ್

ತಮ್ಮ ಕೊಟ್ಟುಹೋದ ಇಲಿಗಳನ್ನು ಎಲ್ಲಿಡುವುದು? ಫ್ರಿಜ್ಜಿನ ಮೇಲಿನ ಖಾನೆಯಲ್ಲೇ ಇಡಬೇಕು. ಕವರಿನಲ್ಲಿಟ್ಟರೆ ಬಾಗಿಲು ತೆಗೆದಾಗೆಲ್ಲ ಬಾಲ ಕಾಣುತ್ತದೆ. ಹಳೇ ಐಸ್‌ಕ್ರೀಮ್ ಡಬ್ಬ ಒಂದಿತ್ತು, ಅದಕ್ಕೆ ಹಾಕಿ ಮುಚ್ಚಳ ಒತ್ತಿ ಹಿಂದಕ್ಕೆ ತಳ್ಳಿದೆ.

ಅದೇ ವಾರ ನಮ್ಮನೆಯವರ ಅಕ್ಕ ಕುಂಸಿಯಿಂದ ಬಂದರು. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು, ಮಗ, ಸೊಸೆ ಎಲ್ಲರೂ ಹೇಳಿ ಸೋತಿದ್ದಾರೆ, ಸಿಹಿ ಬಿಡುವುದಿಲ್ಲ. ಮಧ್ಯಾಹ್ನ ನಾನು ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋಗಿದ್ದೆ. ಅವರು ಚಮಚ ಹಿಡಿದುಕೊಂಡು ಫ್ರಿಜ್ಜಿನ ಮುಂದೆ ನಿಂತರು.

ಕೂಗು ಕೇಳಿ ಓಡಿಬಂದೆ. ಡಬ್ಬ ಕೆಳಗೆ, ಮುಚ್ಚಳ ಒಲೆ ಮೇಲೆ, ಅವರು ಗೋಡೆಗೊರಗಿ ನಿಂತಿದ್ದರು. ಚಮಚ ಮಾತ್ರ ಕೈಯಲ್ಲೇ ಗಟ್ಟಿಯಾಗಿ ಇತ್ತು.

"ಏನೇ ಇದು, ಬಟರ್‌ಸ್ಕಾಚ್ ಅಂತ ಬರೆದಿದೆಯಲ್ಲೇ!" ಅಂದರು.

ನೀರು ಕೊಟ್ಟು, ಕೂರಿಸಿ, ಹಾವಿನ ಕಥೆ ಹೇಳಿದೆ. ಸಂಜೆ ಬಸ್ಸಿಗೇ ಊರಿಗೆ ಹೊರಟರು. ಆಮೇಲೆ ಅವರ ಸೊಸೆ ಫೋನ್ ಮಾಡಿದಳು. "ಅತ್ತೆ ಸಿಹಿ ಪೂರ್ತಿ ಬಿಟ್ಟಿದ್ದಾರೆ. ಡಬ್ಬ ಅಂದ್ರೆ ಸಾಕು, ದೂರ ಹೋಗ್ತಾರೆ. ಡಾಕ್ಟ್ರು ಕೇಳ್ತಿದ್ರು, ಯಾರ ಹತ್ರ ತೋರಿಸಿದ್ರಿ ಅಂತ."

ಒಟ್ಟಿನಲ್ಲಿ ಒಂದು ಹಾವಿಗೆ ಊಟ ಮಾಡಿಸಲು ಹೊರಟು, ಊಟ ಬಿಟ್ಟವರ ಸಂಖ್ಯೆಗೆ ನಾನೇ ಇನ್ನೊಬ್ಬರನ್ನು ಸೇರಿಸಿದ ಹಾಗಾಯಿತು.

೩. ವಿಮಾನ ಬಂತು

ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಮೇಲೆ ನಮ್ಮ ಅಂಗನವಾಡಿ ಮಕ್ಕಳಿಗೆ ಊಟ ಮಾಡಿಸುವುದು ಸುಲಭವಾಗಿದೆ. ಮುಂಚೆ ಕಾಗಕ್ಕ ಗುಬ್ಬಕ್ಕನಿಗೆಲ್ಲ ತುತ್ತಿಡುತ್ತಿದ್ದೆ. ಈಗ ಚಮಚವನ್ನು ಮೇಲಿಂದ ಸುಯ್ಯಂತ ತಂದು, "ವಿಮಾನ ಬಂತು, ಬಾಗಿಲು ತೆಗೀರಿ" ಅಂದರೆ ಬಾಯಿ ತಾನಾಗಿ ತೆರೆಯುತ್ತದೆ.

ಮುದ್ದೆಯ ಮುಂದೆ ನೇರವಾಗಿ ಇಲಿ ಹಿಡಿದೆ. ನೋಡಲಿಲ್ಲ. ಎಡಕ್ಕೆ ಹಿಡಿದೆ, ಬಲಕ್ಕೆ ಹಿಡಿದೆ. ತಲೆ ಇನ್ನೂ ಒಳಗೆ ಹೋಯಿತು. ಬೆಳಿಗ್ಗೆ ಹಿಡಿದೆ, ಸಂಜೆ ಹಿಡಿದೆ. ಪೆಟ್ಟಿಗೆಯನ್ನು ಹಾಲ್‌ನಿಂದ ಹಿಂದಿನ ಕೋಣೆಗೆ ಸಾಗಿಸಿ ಹಿಡಿದೆ. ನಾನು ಬಿಡುವವಳಲ್ಲ. ಇಷ್ಟು ಮಕ್ಕಳನ್ನು ಗೆದ್ದವಳು, ಒಂದು ಹಾವಿಗೆ ಸೋಲುವುದೇ? ಕೊನೆಗೆ ನನ್ನ ದೊಡ್ಡ ಅಸ್ತ್ರ ತೆಗೆದೆ. ಇಕ್ಕಳದ ತುದಿಯಲ್ಲಿ ಇಲಿ ಹಿಡಿದು, ಕೋಣೆಯ ಬಾಗಿಲಿನಿಂದಲೇ ಸದ್ದು ಮಾಡುತ್ತಾ, ಒಂದು ಸುತ್ತು ಹಾಕಿ, ಮೆಲ್ಲಗೆ ಪೆಟ್ಟಿಗೆಯೊಳಗೆ ಇಳಿಸಿದೆ.

"ಬಂತು ಬಂತು, ಸೋಗಾನೆಗೆ ವಿಮಾನ ಬಂತು. ಮುದ್ದೆ ಮರಿ, ಆ ಮಾಡು, ಆ..."

ಮುದ್ದೆ ಆ ಮಾಡಲಿಲ್ಲ. ನಾನೇ ಆ ಮಾಡಿಕೊಂಡು ಕೂತಿದ್ದೆ. ಬಾಗಿಲಲ್ಲಿ ನಮ್ಮನೆಯವರು ನಿಂತಿದ್ದರು. ಯಾವಾಗಿಂದ ನಿಂತಿದ್ದರೋ.

"ಇಷ್ಟು ವರ್ಷ ಆಯ್ತು ನಮ್ಮ ಮದುವೆ ಆಗಿ," ಅಂದರು. "ನನಗೆ ಒಂದು ದಿನ ಹೀಗೆ ತಿನ್ನಿಸಿದ್ದೀಯಾ?"

"ನೀವು ಒಂದು ದಿನ ಬೇಡ ಅಂದಿದ್ದೀರಾ?" ಅಂದೆ.

೪. ತಮಿಳು ಬರುವ ಹಾವು

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ತಮಿಳು ಅಜ್ಜಿ ಇದ್ದಾರೆ. ಕಾರ್ಖಾನೆ ಶುರುವಾದ ಕಾಲದಲ್ಲಿ ಅವರ ಮಾವ ಇಲ್ಲಿಗೆ ಬಂದವರು. ಮನೇಲಿ ಹಾವಿದೆ ಅಂತ ತಿಳಿದ ಕೂಡಲೇ ಹಾಲಿನ ಲೋಟ, ಅರಿಶಿನ, ಕುಂಕುಮ ಎಲ್ಲಾ ತಂದರು.

"ಅಜ್ಜಿ, ಹಾವು ಹಾಲು ಕುಡಿಯಲ್ಲ," ಅಂದೆ. "ಅದೂ ಅಲ್ದೆ ಇದು ನಮ್ಮ ಕಡೆ ಹಾವಲ್ಲ. ಆಫ್ರಿಕಾದ್ದು."

ಅಜ್ಜಿ ಹಾಲಿನ ಲೋಟ ಕೆಳಗಿಟ್ಟರು. "ಆಫ್ರಿಕಾನಾ? ಹಂಗಾದ್ರೆ ನಿನ್ನ ಕನ್ನಡ ಅದಕ್ಕೆ ಎಲ್ಲಿ ತಿಳೀತದೆ?"

"ಹಾವಿಗೆ ಕಿವಿನೇ ಇಲ್ವಂತೆ ಅಜ್ಜಿ, ಯಾವ ಭಾಷೆ ಆದ್ರೇನು?"

ಅಜ್ಜಿ ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಬಂದರು. ಪೆಟ್ಟಿಗೆಯ ಮುಚ್ಚಳ ಅರ್ಧ ಸರಿಸಿಕೊಟ್ಟೆ. ಅಜ್ಜಿ ಬಗ್ಗಿ, ಮೊಮ್ಮಗನಿಗೆ ಊಟ ಮಾಡು ಅನ್ನುವ ಹಾಗೆ ತಮಿಳಿನಲ್ಲಿ, "ಸಾಪ್ಪಿಡು ಕಣ್ಣಾ, ಸಾಪ್ಪಿಡು ರಾಜಾ," ಅಂದರು.

ಮುದ್ದೆ ತಲೆ ಹೊರಗೆ ಹಾಕಿತು!

ಇಷ್ಟು ದಿನ ನಾನು ಗಂಟಲು ಹರಿದುಕೊಂಡರೂ ಅಲ್ಲಾಡದ ಪ್ರಾಣಿ ನಾಲಿಗೆ ಆಡಿಸುತ್ತಾ, ಅಜ್ಜಿಯ ಕೈ ಕಡೆಗೆ ನಿಧಾನವಾಗಿ ಕತ್ತು ಚಾಚಿತು. ಅಜ್ಜಿಯ ಕಣ್ಣಲ್ಲಿ ನೀರು. ಅವರು ಕೈ ಎಡಕ್ಕೆ ತಂದರೆ ಹಾವಿನ ತಲೆ ಎಡಕ್ಕೆ. ಬಲಕ್ಕೆ ತಂದರೆ ಬಲಕ್ಕೆ. ಆಗ ನಾನು ನೋಡಿದೆ, ಅದು ಅಜ್ಜಿಯ ಮುಖ ನೋಡುತ್ತಿರಲಿಲ್ಲ. ಹಬೆಯಾಡುತ್ತಿದ್ದ ಕಾಫಿ ಲೋಟವನ್ನು ಹಿಂಬಾಲಿಸುತ್ತಿತ್ತು. ಅದಕ್ಕೆ ಬೇಕಾಗಿದ್ದು ಬಿಸಿ. ನಾನು ಇಷ್ಟು ದಿನ ಕರಗಿಸಿದ ಮೇಲೆ ಆರಿ ತಣ್ಣಗಾದ ಇಲಿ ಹಿಡಿದುಕೊಂಡು ವಿಮಾನ ಹಾರಿಸಿದ್ದೆ!

ಇದನ್ನು ಅಜ್ಜಿಗೆ ಎಷ್ಟು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ಬೀದಿಯಲ್ಲೆಲ್ಲ ಸುದ್ದಿ ಮಾಡಿದರು. "ಟೀಚರಮ್ಮನ ಮನೆ ಹಾವಿಗೆ ತಮಿಳು ಬರ್ತದೆ. ಪಾಪ, ಇಷ್ಟು ದಿನ ಮಾತಾಡೋರು ಇಲ್ದೆ ಊಟ ಬಿಟ್ಟಿತ್ತು."

೫. ಬಸ್ಸಿನಲ್ಲಿ ಮುದ್ದೆ

ಇಲಿಯನ್ನು ಬಿಸಿ ಮಾಡಿ ಕೊಟ್ಟರೂ ಮುದ್ದೆ ಮೂಸಿ ನೋಡಿ ಸುಮ್ಮನಾಯಿತು. ಈಗ ನನಗೆ ನಿಜವಾಗಿ ಭಯ ಶುರುವಾಯಿತು. ಬೆನ್ನಿನ ಮೂಳೆ ಸ್ವಲ್ಪ ಎದ್ದು ಕಾಣುವ ಹಾಗಿತ್ತು. ಸಂಜೆ ಕೈಗೆತ್ತಿಕೊಂಡರೆ ನನ್ನ ಕುಪ್ಪಸದ ತೋಳಿನೊಳಗೆ ತಲೆ ತೂರಿಸಿ ಬೆಚ್ಚಗೆ ಮಲಗುತ್ತಿತ್ತು. ಹಾಗೆ ನಂಬಿ ಮಲಗುವ ಜೀವ ನನ್ನ ಮನೆಯಲ್ಲಿ ಉಪವಾಸ ಸಾಯಬಾರದು. ಶಿವಮೊಗ್ಗದಲ್ಲಿ ಇಂಥ ಪ್ರಾಣಿಗಳನ್ನೂ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಅಂತ ತಮ್ಮ ಹೇಳಿದ್ದ. ಅವನನ್ನು ಕಾಯುತ್ತಾ ಕೂರಲಿಲ್ಲ. ಹಾವನ್ನು ಹತ್ತಿಬಟ್ಟೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಬುಟ್ಟಿಯಲ್ಲಿಟ್ಟು, ಮೇಲೆ ಉಣ್ಣೆ ಶಾಲು ಸುತ್ತಿ ಬಸ್ ಹತ್ತಿದೆ.

ಪಕ್ಕದಲ್ಲಿ ನನ್ನ ವಯಸ್ಸಿನ ಹೆಂಗಸು. ಬುಟ್ಟಿಯನ್ನು ತೊಡೆ ಮೇಲೆ ಅಷ್ಟು ಜೋಪಾನವಾಗಿ ಹಿಡಿದದ್ದು ನೋಡಿ ಕೇಳಿದಳು, "ಏನಕ್ಕ ಅದು?"

ಸುಳ್ಳು ಹೇಳುವುದು ನನಗೆ ಆಗುವುದಿಲ್ಲ. "ಮುದ್ದೆ," ಅಂದೆ.

"ಅಯ್ಯೋ, ಯಾರಿಗಕ್ಕ?"

"ಡಾಕ್ಟರ ಹತ್ರ ತಗೊಂಡು ಹೋಗ್ತಿದ್ದೀನಿ."

"ಡಾಕ್ಟ್ರಿಗೂ ಮುದ್ದೆ ಇಷ್ಟನಾ! ಬಿಸಿ ಇದೆಯಾ?"

"ಬಿಸಿ ಇರಬೇಕು ಅಂತಾನೇ ಶಾಲು ಸುತ್ತಿದ್ದೀನಿ."

ಟಿಕೆಟ್ ಕೊಡಲು ಬಂದ ಕಂಡಕ್ಟರ್‌ಗೂ ಬಾಯಿ ಚಪಲ. "ಮುದ್ದೆಗೆ ಏನು ಸಾರು ಮಾಡಿದ್ದೀರಮ್ಮಾ?"

ಅಷ್ಟರಲ್ಲಿ ಬಸ್ಸು ರೋಡ್ ಹಂಪ್ ಮೇಲೆ ಎಗರಿತು. ಶಾಲಿನ ಒಳಗೆ ಮುದ್ದೆ ಒಂದು ಸುತ್ತು ಹೊರಳಿ, ಬುಟ್ಟಿಯ ಅಂಚಿಗೆ ಬಂದು, ಮತ್ತೆ ಒಳಗೆ ಸರಿಯಿತು. ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಹೋದ.

"ಅಮ್ಮಾ, ಮುದ್ದೆ ಅಲ್ಲಾಡ್ತಿದೆ!"

ನಾನು ಶಾಲು ಸರಿಮಾಡಿ ಹೇಳಿದೆ, "ನೀರು ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ."

೬. ನೋಡಬಾರದು

ಆಸ್ಪತ್ರೆಯಲ್ಲಿ ನಾಯಿ, ಬೆಕ್ಕು, ಒಂದು ಗಿಳಿ ಎಲ್ಲಾ ಸರದಿಯಲ್ಲಿದ್ದವು. ಎಷ್ಟು ದಿನದಿಂದ ಊಟ ಬಿಟ್ಟಿದೆ ಅಂತ ಚೀಟಿ ಕೊಡುವವರು ಕೇಳಿದರು. ತಿಂಗಳುಗಟ್ಟಲೆ ಆಯಿತು ಅಂದೆ. ನಾಯಿ ತಂದಿದ್ದ ಯಜಮಾನರೊಬ್ಬರು ಅದನ್ನು ಕೇಳಿ ಕಣ್ಣು ತೇವ ಮಾಡಿಕೊಂಡು, "ಮೊದಲು ನೀವು ಹೋಗಿ ಅಮ್ಮಾ, ನಮ್ದೇನೂ ಅವಸರ ಇಲ್ಲ," ಅಂದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮುದ್ದೆಯನ್ನು ತೂಗಿದರು, ಬಾಯಿ ಬಿಡಿಸಿ ನೋಡಿದರು, ಹೊಟ್ಟೆಯ ಉದ್ದಕ್ಕೂ ಬೆರಳಾಡಿಸಿದರು. ಕಾಯಿಲೆ ಏನೂ ಇಲ್ಲ ಅಂದರು. ಈ ಜಾತಿ ಚಳಿಗಾಲದಲ್ಲಿ ಹೀಗೆ ಊಟ ಬಿಡುವುದುಂಟು, ಜಾಗ ಬದಲಾದರೂ ಬಿಡುತ್ತದೆ.

"ಆದ್ರೆ ತೂಕ ಇಳಿದಿದೆ. ಇನ್ನೂ ಇಳಿದ್ರೆ ಗಂಟಲಿಗೆ ನಳಿಗೆ ಹಾಕಬೇಕಾಗುತ್ತೆ. ಅದು ಇದಕ್ಕೆ ತುಂಬಾ ಹಿಂಸೆ. ದಿನಕ್ಕೆ ಎಷ್ಟು ಸಲ ನೋಡ್ತೀರಾ ಇದನ್ನ?"

"ಮನೇಲಿದ್ದಷ್ಟು ಹೊತ್ತೂ ನೋಡ್ತೀನಿ," ಅಂದೆ ಹೆಮ್ಮೆಯಿಂದ.

"ಅದೇ ತೊಂದ್ರೆ ಆಂಟಿ. ಇದಕ್ಕೆ ನಾಚಿಕೆ ಜಾಸ್ತಿ. ಕತ್ತಲೆ ಇರ್ಲಿ, ಬೆಚ್ಚಗಿರ್ಲಿ. ಮೈಗೆ ಅಂಟಿಕೊಳ್ಳೋ ಹಾಗೆ ಒಂದು ಸಣ್ಣ ಡಬ್ಬ ಒಳಗಿಡಿ, ಅದ್ರಲ್ಲಿ ಅಡಗಿಕೊಳ್ಳಲಿ. ಇಲಿ ಬಿಸಿ ಮಾಡಿ ಆ ಡಬ್ಬದ ಬಾಯಿ ಹತ್ರ ಇಟ್ಟು ಕೋಣೆಯಿಂದ ಹೊರಗೆ ಬಂದುಬಿಡಿ. ಯಾರೂ ನೋಡಬಾರದು. ಯಾರೂ ಇಲ್ಲ ಅಂತ ಗಟ್ಟಿಯಾದ್ಮೇಲೆ ತಿನ್ನುತ್ತೆ."

ನಾನು ತಲೆ ಅಲ್ಲಾಡಿಸಿದೆ. "ಅರ್ಥ ಆಯ್ತು ಡಾಕ್ಟ್ರೇ. ಎಣ್ಣೆ ತಿಂಡಿ ಬಿಡಿ ಅಂತ ಹೇಳಿಸಿಕೊಂಡ ಮೇಲೆ ನಮ್ಮನೆಯವರೂ ಹೀಗೇ ತಿನ್ನೋದು."

೭. ಇಬ್ಬರು ಉಪವಾಸದವರು

ನೋಡದೆ ಇರುವುದು ಎಷ್ಟು ಕಷ್ಟದ ಕೆಲಸ ಅಂತ ಆಗ ಗೊತ್ತಾಯಿತು. ಪೆಟ್ಟಿಗೆಯೊಳಗೆ ಸಣ್ಣ ಡಬ್ಬ ಇಟ್ಟೆ. ಇಡೀ ಪೆಟ್ಟಿಗೆಗೆ ದಪ್ಪ ಬೆಡ್‌ಶೀಟ್ ಹೊದಿಸಿದೆ. ಹಿಂದಿನ ಕೋಣೆಯ ಬಾಗಿಲ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸಿ ನಡೆಯುತ್ತಿದ್ದೆ. ಒಂದು ಸಲ ಇಲಿ ಇಟ್ಟೆ, ಹಾಗೇ ಉಳಿಯಿತು. ಮುಂದಿನ ವಾರವೂ ಹಾಗೇ. ಮತ್ತೆ ಇಡುತ್ತೇನೆ ಅಂದೆ. ಅದಕ್ಕೆಷ್ಟು ಹಟವೋ ನನಗೆ ಅದಕ್ಕಿಂತ ಒಂದು ಹಿಡಿ ಜಾಸ್ತಿ.

ಚಳಿ ಕಳೆದು ಬೇಸಿಗೆ ಶುರುವಾದ ಮೇಲೆ ಒಂದು ಸಂಜೆ, ಇಲಿಯನ್ನು ಬಿಸಿನೀರಿನಲ್ಲಿಟ್ಟು, ಒರೆಸಿ, ಬೆಡ್‌ಶೀಟಿನ ಕೆಳಗೆ ಕೈ ಹಾಕಿ ಇಟ್ಟು, ದೀಪ ಆರಿಸಿ ಹೊರಗೆ ಬಂದೆ. ಆಗ ಗೇಟಿನ ಸದ್ದಾಯಿತು. ನೋಡಿದರೆ ತಮ್ಮನ ಹೆಂಡತಿ. ಮುದ್ದೆ ಬಂದಮೇಲೆ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಕಣ್ಣು ಕೆಂಪಗಿತ್ತು.

"ಅತ್ತಿಗೆ, ಅದೆಲ್ಲಿದೆ?" ಅಂದಳು ಬಾಗಿಲಲ್ಲೇ ನಿಂತು.

"ಮುಚ್ಚಿಟ್ಟಿದ್ದೀನಿ. ನಿನ್ನ ಕಣ್ಣಿಗೆ ಬೀಳಲ್ಲ, ಬಾ."

ಕೂತು ನೀರು ಕುಡಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು, "ನಿಮ್ಮ ತಮ್ಮ ಎದ್ದ ಕೂಡ್ಲೇ ನಿಮಗೆ ಫೋನ್ ಮಾಡಿ ಅದು ತಿಂತಾ ಅಂತ ಕೇಳ್ತಾರೆ. ರಾತ್ರಿ ಮಲಗೋವಾಗಲೂ ಅದೇ. ನಾನು ತಿಂದೆನಾ ಅಂತ ಒಂದು ದಿನ ಕೇಳಿದ್ದಾರಾ? ಇವತ್ತು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಅವರಾಗಿ ಬಂದು ಕೇಳೋವರೆಗೆ ಒಂದು ತುತ್ತೂ ಮುಟ್ಟಲ್ಲ."

ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಹೊಸ ಮನೆ, ಹೊಸ ಊರು, ಬಂದ ದಿನದಿಂದ ಗಂಡನ ಗಮನವೆಲ್ಲ ಒಂದು ಗಾಜಿನ ಪೆಟ್ಟಿಗೆ ಮೇಲೆ. ಕೋಳಿಸಾರು ಆಗಿತ್ತು, ಬಿಸಿಬಿಸಿ ಅಕ್ಕಿರೊಟ್ಟಿ ತಟ್ಟಿ ಮುಂದಿಟ್ಟೆ. ತಿನ್ನು ಅಂದೆ. ಮುಖ ತಿರುಗಿಸಿದಳು. ಒಂದೇ ತುತ್ತು ಅಂದೆ. ತುಟಿ ಬಿಗಿದಳು. ಆ ತುಟಿ ನೋಡಿದ ಮೇಲೆ ನನಗೆ ಯಾರೂ ಇನ್ನೇನೂ ಹೇಳಬೇಕಾಗಿರಲಿಲ್ಲ. ಡಾಕ್ಟರಮ್ಮನ ಮಾತು ನೆನಪಾಯಿತು. ತಟ್ಟೆಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, "ಇಲ್ಲಿದೆ ಕಣಮ್ಮ," ಅಂತ ಗೋಡೆಗೆ ಹೇಳಿದ ಹಾಗೆ ಹೇಳಿ, ನಮ್ಮನೆಯವರ ತೋಳು ಹಿಡಿದು ಎಬ್ಬಿಸಿದೆ.

"ಬನ್ನಿ, ಜಗುಲಿ ಮೇಲೆ ಕೂರೋಣ."

"ನನ್ನ ಊಟ?"

"ನಿಮ್ಮದು ಎಲ್ಲಿಗೂ ಓಡಿಹೋಗಲ್ಲ. ಬನ್ನಿ. ಒಳಗೆ ನೋಡಬೇಡಿ."

ಜಗುಲಿಯಲ್ಲಿ ಬೀದಿ ಕಡೆ ಮುಖ ಮಾಡಿ ಕೂತೆವು. ಹೆರಿಗೆ ವಾರ್ಡಿನ ಹೊರಗೆ ಕಾಯುವವರ ಹಾಗೆ. ಒಳಗೆ ಇಬ್ಬರು ಉಪವಾಸದವರು, ಇಬ್ಬರ ಮುಂದೆಯೂ ಬಿಸಿ ಊಟ. ಸ್ವಲ್ಪ ಹೊತ್ತಿಗೆ ತಟ್ಟೆ ಎತ್ತಿದ ಸದ್ದು ಕೇಳಿಸಿತು. ನಮ್ಮನೆಯವರು ಕತ್ತು ತಿರುಗಿಸಲು ಹೋದರು. ತೊಡೆಗೆ ಚಿವುಟಿದೆ.

ಅಷ್ಟರಲ್ಲಿ ತಮ್ಮ ಸ್ಕೂಟರ್‌ನಲ್ಲಿ ಬಂದ. ತಲೆಯ ಹೆಲ್ಮೆಟ್ಟೂ ತೆಗೆಯಲಿಲ್ಲ.

"ಅಕ್ಕ, ತಿಂದ್ಲಾ?" ಅಂದ.

"ಯಾರು?"

"ಇವಳು! ಬೆಳಿಗ್ಗೆ ಮಾಡಿದ ತಿಂಡಿ ಹಾಗೇ ಇತ್ತು. ಮಧ್ಯಾಹ್ನ ಮನೆಗೆ ಬಂದ್ರೆ ಇವಳಿಲ್ಲ. ಫೋನ್ ಎತ್ತಲ್ಲ. ಅವರಮ್ಮನ ಮನೆಗೂ ಹೋಗಿಲ್ಲ. ನಾನೂ ಊಟ ಮಾಡಿಲ್ಲ ಅಕ್ಕ."

"ಇದೇ ಮಾತು ಅವಳ ಮುಂದೆ ಹೇಳೋ ಮಾರಾಯ," ಅನ್ನುತ್ತಿದ್ದೆ. ಅವಳೇ ಹೊರಗೆ ಬಂದಳು. ಕೈಯಲ್ಲಿ ಖಾಲಿ ತಟ್ಟೆ. ಅಡುಗೆಮನೆ ಕಡೆಯಿಂದ ಬರಲಿಲ್ಲ, ಹಿಂದಿನ ಕೋಣೆಯಿಂದ ಬಂದಳು. ಅಡುಗೆಮನೆ ಕಿಟಕಿ ಜಗುಲಿಗೆ ಕಾಣುತ್ತದಲ್ಲ, ತಾನು ತಿನ್ನುವುದನ್ನು ನಾವು ನೋಡಬಾರದು ಅಂತ ತಟ್ಟೆ ಹಿಡಿದುಕೊಂಡು ಆ ಕತ್ತಲೆ ಕೋಣೆಗೆ ಹೋಗಿ, ಬೆಡ್‌ಶೀಟ್ ಹೊದಿಸಿದ್ದು ಹೊಲಿಗೆ ಯಂತ್ರ ಅಂದುಕೊಂಡು ಅದರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

ಗಂಡನ ಮುಖವನ್ನೇ ನೋಡುತ್ತಾ ಬಹಳ ಶಾಂತವಾಗಿ, "ರೀ, ಅದು ತಿಂತು," ಅಂದಳು.

ಎಲ್ಲರೂ ಒಳಗೆ ಓಡಿದೆವು. ಒಳಗೆ ಏನೋ ಸದ್ದಾಯಿತು ಅಂತ ಅವಳು ಎತ್ತಿ ನೋಡಿದ್ದ ಬೆಡ್‌ಶೀಟಿನ ಮೂಲೆ ಹಾಗೇ ಮಡಚಿಕೊಂಡಿತ್ತು. ಮುದ್ದೆಯ ಬಾಯಿಯ ತುದಿಯಲ್ಲಿ ಇಲಿಯ ಬಾಲ ಒಂದಿಷ್ಟು ಕಂಡು, ನಾವು ನೋಡುತ್ತಿದ್ದಂತೆ ಒಳಗೆ ಹೋಯಿತು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ತಮ್ಮ ಹಾವಿನ ಕಡೆ ಒಂದೇ ಸಲ ನೋಡಿ, ತಿರುಗಿ ಹೆಂಡತಿಯ ಕೈಯಿಂದ ತಟ್ಟೆ ತೆಗೆದುಕೊಂಡು, "ನೀನು ಸರಿಯಾಗಿ ತಿಂದ್ಯಾ? ಇನ್ನೊಂದು ರೊಟ್ಟಿ ಹಾಕಿಸ್ಕೊಂಡು ಬರ್ಲಾ?" ಅಂದ. ಅವನಿಗೂ ಬುದ್ಧಿ ಬಂದಿತ್ತು.

ತಿಂದ ಮೇಲೆ ಹಾವನ್ನು ಅಲ್ಲಾಡಿಸಬಾರದು ಅಂತ ಅವತ್ತು ಅಲ್ಲೇ ಬಿಟ್ಟರು. ಮುಂದಿನ ಭಾನುವಾರ ಇಬ್ಬರೂ ಆಟೋ ಮಾಡಿಕೊಂಡು ಬಂದು, ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ನವುಲೆಗೆ ಹೊರಟರು. ಹೊರಡುವ ಮುಂಚೆ ಅಡುಗೆಮನೆಯಲ್ಲಿ ಅವಳೊಬ್ಬಳೇ ಸಿಕ್ಕಿದಾಗ, ತಡೆಯಲಾರದೆ ಕೇಳಿದೆ.

"ಹಾವು ಅಂದ್ರೆ ಊರು ಬಿಟ್ಟು ಓಡ್ತಿದ್ದವಳು ನೀನು. ಅವತ್ತು ಬೆಡ್‌ಶೀಟ್ ಎತ್ತಿ ನೋಡ್ದಾಗ ಯಾಕಮ್ಮ ಕಿರುಚಲಿಲ್ಲ?"

"ಕಿರುಚೋಣ ಅಂತಾನೇ ಇದ್ದೆ ಅತ್ತಿಗೆ," ಅಂದಳು. "ಅದು ನನ್ನನ್ನ ನೋಡ್ತು, ನಾನು ಅದನ್ನ ನೋಡ್ದೆ. ಇಬ್ಬರ ಬಾಯೂ ತುಂಬಿತ್ತು."